ಔಟ್‌ಡೋರ್ ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಮಾಡ್ಬೇಕು ಅಂತಿರೋರಿಗೆ: ಅಪ್ಲೈ ಮಾಡೋಕೆ ಮುಂಚೆ, ಸೇರಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಬಂಡೆ ಹತ್ತೋದು ಕಯಾಕ್ ನಡೆಸೋದು ಹಿಮದಲ್ಲಿ ನಡೆಯೋದು ಇವನ್ನೆಲ್ಲ ಈಗಿಗಿಂತ ಚೆನ್ನಾಗಿ ಮಾಡ್ಬೇಕು ಅನ್ನೋದಷ್ಟೇ ನಿಮ್ಮ ಆಸೆ ಆಗಿದ್ರೆ ಮಾಸ್ಟರ್ಸ್ ಡಿಗ್ರಿ ಬೇಕಾಗಿಲ್ಲ, ಅದೇ ಸಮಯ ಅದೇ ದುಡ್ಡಲ್ಲಿ ಒಂದೆರಡು ಒಳ್ಳೆ ಇನ್‌ಸ್ಟ್ರಕ್ಟರ್ ಕೋರ್ಸ್ ಮುಗಿಸಿ ಇಡೀ ಸೀಸನ್ ಕೆಲಸ ಮಾಡಿದ್ರೆ ಕೈ ಇನ್ನೂ ಬೇಗ ಪಳಗತ್ತೆ. ಔಟ್‌ಡೋರ್ ಎಜುಕೇಶನ್ ಅಂದ್ರೆ ಜನರನ್ನ ಬೆಟ್ಟ ಕಾಡು ನೀರಿಗೆ ಕರ್ಕೊಂಡು ಹೋಗಿ ಆ ಅನುಭವದ ಮೂಲಕ ಕಲಿಸೋದು, ಈ ಓದು ಬೇರೆ ತರದ ಕುತೂಹಲ ಇರೋರಿಗೆ. ಕ್ಯಾಂಪಿನಲ್ಲಿ ನಾಲ್ಕು ದಿನ ತುಟಿ ಬಿಚ್ಚದ ಹುಡುಗಿ ಐದನೇ ದಿನ ಸಂಜೆ ಎಲ್ಲರ ಮುಂದೆ ಎದ್ದು ಮಾತಾಡ್ತಾಳೆ ಅಂತಿಟ್ಕೊಳ್ಳಿ. ಅದು ಬೆಟ್ಟ ಮಾಡಿದ್ದಾ, ಜೊತೆಗಿದ್ದ ಗುಂಪು ಮಾಡಿದ್ದಾ, ಹಿಂದಿನ ರಾತ್ರಿ ನೀವು ಕೇಳಿದ ಒಂದು ಪ್ರಶ್ನೆ ಮಾಡಿದ್ದಾ, ಅಥವಾ ಹೇಗೂ ಐದನೇ ದಿನಕ್ಕೆ ಅವಳು ಮಾತಾಡ್ತಾನೇ ಇದ್ಲಾ? ಮನೆಗೆ ಹೋಗಿ ಒಂದು ತಿಂಗಳಾದ ಮೇಲೆ ಆ ಧೈರ್ಯ ಉಳಿದಿರತ್ತಾ? ಉಳಿದಿದೆ ಅಂತ ನೀವು ಹೇಳೋದಾದ್ರೆ ಅದು ನಿಮಗೆ ಹೇಗೆ ಗೊತ್ತಾಯ್ತು? ಇಂಥ ಪ್ರಶ್ನೆಗಳು ತಲೆಯಲ್ಲಿ ಸುತ್ತುತ್ತಾನೇ ಇದ್ರೆ ಈ ಡಿಗ್ರಿ ನಿಮಗೇ ಇರೋದು.

ಹಾಗಾಗಿ ನನ್ನ ಸಲಹೆ ಎಲ್ಲಾ ಒಂದೇ ವಿಷಯದ ಸುತ್ತ ಇರತ್ತೆ. ಹೋಗೋ ಮುಂಚೆ ನಿಮ್ಮದೇ ಒಂದು ಪ್ರಶ್ನೆ ಇಟ್ಕೊಳ್ಳಿ. "ನನಗೆ ಪ್ರಕೃತಿ ಅಂದ್ರೆ ಪ್ರಾಣ" ಅನ್ನೋದು ಪ್ರಶ್ನೆ ಅಲ್ಲ, ಅದು ಅಪ್ಲೈ ಮಾಡೋ ಎಲ್ಲರಿಗೂ ಇರೋದೇ. ಪ್ರಶ್ನೆ ಅಂದ್ರೆ, ಟ್ರಿಪ್ಪಿಗೆ ಉತ್ಸಾಹದಿಂದ ಬಂದ ಟೀಚರ್‌ಗಳು ವಾಪಸ್ ಸ್ಕೂಲಿಗೆ ಹೋದ್ಮೇಲೆ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗೋದನ್ನ ಯಾಕೆ ನಿಲ್ಲಿಸಿಬಿಡ್ತಾರೆ, ಒಳ್ಳೊಳ್ಳೆ ಇನ್‌ಸ್ಟ್ರಕ್ಟರ್‌ಗಳು ಕೆಲವೇ ಸೀಸನ್‌ನಲ್ಲಿ ಬೇಸತ್ತು ಈ ಕೆಲಸ ಬಿಟ್ಟು ಹೋಗೋದು ಯಾಕೆ, ಕಣ್ಣು ಕಾಣದವರು ಇರೋ ಗುಂಪಿನಲ್ಲಿ ಅಪಾಯದ ಲೆಕ್ಕಾಚಾರವನ್ನ ಯಾರು ಹೇಗೆ ಮಾಡ್ಬೇಕು, ಈ ತರದ್ದು. ಮುಂದೆ ಅದು ಬದಲಾಗಬಹುದು, ಬದಲಾಗ್ಲಿ, ತೊಂದರೆ ಇಲ್ಲ. ಆದ್ರೆ ಯಾವ ಯೂನಿವರ್ಸಿಟಿ, ಯಾವ ಗೈಡ್, ಯಾವ ತೀಸಿಸ್ ಅನ್ನೋದೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಬೇಕು.

ಸ್ವಲ್ಪ ಹಿನ್ನೆಲೆ, ಯಾಕಂದ್ರೆ ಆಯ್ಕೆ ಮಾಡೋವಾಗ ಬೇಕಾಗತ್ತೆ

ಆಧುನಿಕ ಅಡ್ವೆಂಚರ್ ಎಜುಕೇಶನ್ (ಸಾಹಸದ ಮೂಲಕ ಕಲಿಸೋದು) ಕಥೆ ಹೆಚ್ಚಿನವರು ಶುರು ಮಾಡೋದು 1941ರಿಂದ. ಜರ್ಮನಿ ಬಿಟ್ಟು ಬಂದು 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟೌನ್ ಸ್ಕೂಲ್ ಕಟ್ಟಿದ್ದ ಕರ್ಟ್ ಹಾನ್, ಹಡಗು ಕಂಪನಿ ನಡೆಸ್ತಿದ್ದ ಲಾರೆನ್ಸ್ ಹೋಲ್ಟ್ ಜೊತೆ ಸೇರಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನೋ ಸಾಹಸ ತರಬೇತಿ ಶಾಲೆ ಶುರು ಮಾಡಿದ್ರು. ಯುದ್ಧ ನಡೀತಿತ್ತು, ಹಡಗು ಮುಳುಗಿದಾಗ ಎಳೆ ವಯಸ್ಸಿನ ನಾವಿಕರು ತಾಳ್ಕೊಳ್ಳದೆ ಸಾಯ್ತಿದ್ದಾರೆ ಅನ್ನೋ ಆತಂಕ ಅದರ ಹಿಂದೆ ಇತ್ತು. ಆಮೇಲೆ ಅಮೆರಿಕದಲ್ಲಿ ಪಾಲ್ ಪೆಟ್ಜೋಲ್ಟ್, 1938ರಲ್ಲಿ ಕೆ2 ಶಿಖರಕ್ಕೆ ಹೋದ ತಂಡದಲ್ಲಿದ್ದ ಪರ್ವತಾರೋಹಿ, ಕೊಲರಾಡೋದ ಔಟ್‌ವರ್ಡ್ ಬೌಂಡ್‌ನಲ್ಲಿ ಕೆಲಸ ಮಾಡ್ತಾ ಮಾಡ್ತಾ ತರಬೇತಾದ ಲೀಡರ್‌ಗಳೇ ಸಾಲ್ತಿಲ್ಲ ಅನ್ನೋದನ್ನ ನೋಡಿ 1965ರಲ್ಲಿ ವಯೋಮಿಂಗ್‌ನ ಲ್ಯಾಂಡರ್‌ನಲ್ಲಿ ನಾಲ್ಸ್ (ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್) ಶುರು ಮಾಡಿದ್ರು. 1971ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಹೈಸ್ಕೂಲಿನಲ್ಲಿ ಪ್ರಾಜೆಕ್ಟ್ ಅಡ್ವೆಂಚರ್ ಅನ್ನೋ ಕಾರ್ಯಕ್ರಮ ಹುಟ್ಕೊಳ್ತು, ಇಪ್ಪತ್ತು ಮೂವತ್ತು ದಿನ ಕಾಡಿಗೆ ಹೋಗೋಕಾಗದ ಮಕ್ಕಳಿಗೆ ಅದೇ ಅನುಭವವನ್ನ ಸ್ಕೂಲಿನ ಆಟದ ಪೀರಿಯಡ್ಡಿಗೇ ತಂದುಕೊಡೋಣ ಅಂತ. ಅದೇ ಕಾಲಕ್ಕೆ ಮಿನೆಸೋಟ ಸ್ಟೇಟ್ ಯೂನಿವರ್ಸಿಟಿ, ಮ್ಯಾಂಕೇಟೋ, ಔಟ್‌ವರ್ಡ್ ಬೌಂಡ್ ಜೊತೆ ಕೈಜೋಡಿಸಿ ಎಕ್ಸ್‌ಪೀರಿಯೆನ್ಷಿಯಲ್ ಎಜುಕೇಶನ್‌ನಲ್ಲಿ, ಅಂದ್ರೆ ಅನುಭವದ ಮೂಲಕ ಕಲಿಸೋದರಲ್ಲಿ, ಮಾಸ್ಟರ್ಸ್ ಶುರು ಮಾಡ್ತು.

ಇದೆಲ್ಲ ಯಾಕೆ ಅಂದ್ರೆ, ಈ ಎಳೆಗಳು ಇವತ್ತಿಗೂ ಬೇರೆಬೇರೆಯಾಗೇ ಇವೆ. ವ್ಯಕ್ತಿತ್ವ ಗಟ್ಟಿ ಮಾಡೋದು ಒಂದು, ಲೀಡರ್‌ಶಿಪ್ ಮತ್ತು ಎಕ್ಸ್‌ಪೆಡಿಶನ್ ಕೌಶಲ ಒಂದು, ಸ್ಕೂಲ್ ಮತ್ತು ಗುಂಪಿನ ಕೆಲಸ ಒಂದು, ಸಾಹಸ ಚಟುವಟಿಕೆ ಬಳಸಿ ಮಾನಸಿಕ ಚಿಕಿತ್ಸೆ ಕೊಡೋ ಅಡ್ವೆಂಚರ್ ಥೆರಪಿ ಒಂದು, ಇನ್ನು ಸ್ಕಾಟ್ಲೆಂಡ್ ನಾರ್ವೆ ಕಡೆ ಹೋದ್ರೆ ಸಾಹಸಕ್ಕಿಂತ ಹೆಚ್ಚಾಗಿ ಆ ಜಾಗ, ಪರಿಸರ, ಅದರ ಜೊತೆ ಬದುಕೋದು ಇದೇ ಮುಖ್ಯ ಆಗತ್ತೆ. ಡಿಗ್ರಿಗಳ ಹೆಸರು ಮಾತ್ರ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ತರ ಕೇಳ್ಸತ್ತೆ. ಥೆರಪಿ ಬೇಕು ಅಂತ ಹೋದವರು ಪಾರ್ಕ್ ಮ್ಯಾನೇಜ್‌ಮೆಂಟ್ ಓದ್ತಾ ಕೂತ್ಕೋಬೇಕಾಗಿ ಬಂದ್ರೆ ಎರಡು ವರ್ಷ ತುಂಬಾ ಉದ್ದ ಅನ್ಸತ್ತೆ.

ಪ್ರೋಗ್ರಾಂ ಹುಡುಕೋದು

ಬರೀ "ಔಟ್‌ಡೋರ್ ಎಜುಕೇಶನ್" ಅಂತ ಸರ್ಚ್ ಮಾಡಿದ್ರೆ ಅರ್ಧ ಮಿಸ್ ಆಗತ್ತೆ. ಈ ವಿಷಯಕ್ಕೆ ಸ್ವಂತ ಡಿಪಾರ್ಟ್‌ಮೆಂಟ್ ಇರೋದು ಅಪರೂಪ, ಕೆಲವು ಕಡೆ ಕಿನಿಸಿಯಾಲಜಿ (ದೇಹದ ಚಲನೆಯ ಅಧ್ಯಯನ) ಒಳಗೆ ಇರತ್ತೆ, ಕೆಲವು ಕಡೆ ಎಜುಕೇಶನ್, ಕೆಲವು ಕಡೆ ರಿಕ್ರಿಯೇಶನ್ ಆಂಡ್ ಟೂರಿಸಂ, ಕೆಲವು ಕಡೆ ಸ್ಪೋರ್ಟ್ಸ್ ಸೈನ್ಸ್. ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯಲ್ಲಿ ಇದು ಬೆಳೆದಿದ್ದು ಕಿನಿಸಿಯಾಲಜಿ ಕೆಳಗೆ, ಅಲ್ಲಿ ಸೋಶಿಯಲ್ ವರ್ಕ್ ಮಾಸ್ಟರ್ಸ್ ಜೊತೆ ಜೋಡಿಸಿ ಎರಡೂ ಡಿಗ್ರಿ ಮಾಡೋ ದಾರಿಯನ್ನೂ ಮಾಡಿದ್ರು, ಥೆರಪಿ ಕಡೆ ಹೋಗೋರಿಗೆ ಅಂಥ ಜೋಡಿ ತುಂಬಾ ಮುಖ್ಯ, ಯಾಕಂದ್ರೆ ಔಟ್‌ಡೋರ್ ಡಿಗ್ರಿ ಒಂದರಿಂದಲೇ ಯಾರೂ ಕೌನ್ಸೆಲಿಂಗ್ ಲೈಸೆನ್ಸ್ ಕೊಡಲ್ಲ. ಎಡಿನ್‌ಬರ್ಗ್ ಯೂನಿವರ್ಸಿಟಿಯ ಎಜುಕೇಶನ್ ವಿಭಾಗವಾದ ಮೋರೆ ಹೌಸ್‌ನಲ್ಲಿ ಔಟ್‌ಡೋರ್ ಎಜುಕೇಶನ್ ದಶಕಗಳಿಂದ ಇದೆ, ಅಲ್ಲಿ ಸಸ್ಟೇನಬಿಲಿಟಿ ಕಡೆ ಒಲವು ಜಾಸ್ತಿ. ಕೆನಡಾದ ಥಂಡರ್ ಬೇಯಲ್ಲಿರೋ ಲೇಕ್‌ಹೆಡ್, ಅರಿಜೋನಾದ ಪ್ರೆಸ್ಕಾಟ್ ಕಾಲೇಜ್, ಓಸ್ಲೋದ ನಾರ್ವೇಜಿಯನ್ ಸ್ಕೂಲ್ ಆಫ್ ಸ್ಪೋರ್ಟ್ ಸೈನ್ಸಸ್, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಕಡೆಯ ಕಂಬ್ರಿಯಾ ಯೂನಿವರ್ಸಿಟಿ, ಇವೆಲ್ಲ ಈ ಕ್ಷೇತ್ರದಲ್ಲಿ ಕೇಳಿಬರೋ ಹೆಸರುಗಳು. ಆದ್ರೆ ಈ ಪ್ರೋಗ್ರಾಂಗಳು ಚಿಕ್ಕವು, ಹೆಸರು ಬದಲಾಗತ್ತೆ, ಮುಚ್ಚಿಹೋಗತ್ತೆ, ಇನ್ನೊಂದು ಡಿಗ್ರಿಯೊಳಗೆ ಸೇರಿಹೋಗತ್ತೆ, ಹಾಗಾಗಿ ಈ ವರ್ಷ ಅಡ್ಮಿಶನ್ ತಗೊಳ್ತಿದ್ದೀರಾ ಅಂತ ನೇರವಾಗಿ ಕೇಳಿ ಖಾತ್ರಿ ಮಾಡ್ಕೊಳ್ಳಿ.

ಅವಧಿ ವಿಷಯ ಬೇಗ ಮುಗಿಸ್ತೀನಿ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ, 180 ಕ್ರೆಡಿಟ್, ಅದರಲ್ಲಿ 60 ಡಿಸರ್ಟೇಶನ್. ಅಮೆರಿಕದಲ್ಲಿ ಎರಡು ವರ್ಷ, 30ರಿಂದ 36 ಕ್ರೆಡಿಟ್ ಆಸುಪಾಸು, ತೀಸಿಸ್ ಬರೆಯೋ ದಾರಿ ಒಂದು, ಬರೀ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಮಾಡೋ ದಾರಿ ಇನ್ನೊಂದು. ಮುಂದೆ ಪಿಎಚ್‌ಡಿ ಮಾಡೋ ಯೋಚನೆ ಸ್ವಲ್ಪ ಇದ್ರೂ ತೀಸಿಸ್ ದಾರಿ ಹಿಡೀರಿ. ಒಂದು ವರ್ಷದ್ದು ಬೇಗ ಮುಗಿಯತ್ತೆ ನಿಜ, ಆದ್ರೆ ಫೀಲ್ಡ್ ಸೀಸನ್ ಒಂದೇ ಸಿಗತ್ತೆ, ಮಳೆ ಬಂದೋ ಗುಂಪು ಕ್ಯಾನ್ಸಲ್ ಆಗಿಯೋ ಡೇಟಾ ಕೈತಪ್ಪಿದ್ರೆ ಇನ್ನೊಂದು ಸೀಸನ್‌ಗೆ ಕಾಯೋಕೆ ಸಮಯ ಇರಲ್ಲ.

ದೂರದ ಬೆಟ್ಟ ನುಣ್ಣಗೆ ಅನ್ನೋ ಮಾತು ಇಲ್ಲಿ ಅಕ್ಷರಶಃ ನಿಜ. ವೆಬ್‌ಸೈಟ್ ತುಂಬಾ ಹಿಮಶಿಖರದ ಫೋಟೋ ಹಾಕಿರ್ತಾರೆ, ನೀವು ನೋಡಬೇಕಾಗಿರೋದು ಕೋರ್ಸ್ ಲಿಸ್ಟ್. ರಿಸರ್ಚ್ ಮೆಥಡ್ಸ್ ಎಷ್ಟಿದೆ, ಫಿಲಾಸಫಿ ಮತ್ತು ಥಿಯರಿ ಇದೆಯಾ, ರಿಸ್ಕ್ ಮ್ಯಾನೇಜ್‌ಮೆಂಟ್ ಪ್ರತ್ಯೇಕ ಕೋರ್ಸಾ ಅಥವಾ ಒಂದು ವಾರದ ಪಾಠನಾ, ಪ್ರಾಕ್ಟಿಕಂನಲ್ಲಿ (ಫೀಲ್ಡಿನ ಪ್ರಾಯೋಗಿಕ ಕೆಲಸ) ನಿಮ್ಮನ್ನ ಜೊತೆಗೆ ಬಂದು ನೋಡಿ ಫೀಡ್‌ಬ್ಯಾಕ್ ಕೊಡೋರು ಯಾರು. ಆಮೇಲೆ ಅಲ್ಲಿರೋ ಪ್ರೊಫೆಸರ್‌ಗಳು ಕಳೆದ ನಾಲ್ಕೈದು ವರ್ಷದಲ್ಲಿ ಏನು ಬರ್ದಿದ್ದಾರೆ ಅಂತ ಹುಡುಕಿ, ಜರ್ನಲ್ ಆಫ್ ಎಕ್ಸ್‌ಪೀರಿಯೆನ್ಷಿಯಲ್ ಎಜುಕೇಶನ್, ಜರ್ನಲ್ ಆಫ್ ಅಡ್ವೆಂಚರ್ ಎಜುಕೇಶನ್ ಆಂಡ್ ಔಟ್‌ಡೋರ್ ಲರ್ನಿಂಗ್ ಈ ಎರಡರಲ್ಲೇ ಬಹಳ ಜನ ಸಿಗ್ತಾರೆ. ಒಬ್ಬೊಬ್ಬರದ್ದು ಎರಡು ಪೇಪರ್ ಪೂರ್ತಿ ಓದಿ. ಓದೋವಾಗ ಬೋರ್ ಆದ್ರೆ ಅವರ ಹತ್ರ ಎರಡು ವರ್ಷ ಕಳೆಯೋದು ಕಷ್ಟ, ಓದ್ತಾ ಓದ್ತಾ ಅಂಚಲ್ಲಿ ಜಗಳ ಮಾಡ್ತಾ ನೋಟ್ಸ್ ಬರೆಯೋ ಹಾಗಾದ್ರೆ ಅದೇ ಸರಿಯಾದ ಜಾಗ.

ಈಗ ಅಲ್ಲಿ ಓದ್ತಿರೋ ಒಬ್ಬರ ಜೊತೆ ಮಾತಾಡ್ಲೇಬೇಕು. "ಪ್ರೋಗ್ರಾಂ ಹೇಗಿದೆ" ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ ಅಷ್ಟೇ. ನಿಮ್ಮ ಗೈಡ್ ಎಷ್ಟು ದಿನಕ್ಕೊಮ್ಮೆ ಸಿಗ್ತಾರೆ, ಬರೆದು ಕೊಟ್ಟ ಅಧ್ಯಾಯ ವಾಪಸ್ ಬರೋಕೆ ಎಷ್ಟು ವಾರ, ನಿಮ್ಮ ಹಿಂದಿನ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡ್ತಿದ್ದಾರೆ, ಒಬ್ಬ ಪ್ರೊಫೆಸರ್ ಬಿಟ್ಟು ಹೋದ್ರೆ ಇನ್ನುಳಿಯೋದು ಯಾರು, ಹೀಗೆ ಕೇಳಿ. ಇಬ್ಬರು ಮೂವರ ಮೇಲೆ ನಿಂತಿರೋ ಪ್ರೋಗ್ರಾಂನಲ್ಲಿ ಕೊನೇ ಪ್ರಶ್ನೆನೇ ಎಲ್ಲಕ್ಕಿಂತ ಮುಖ್ಯ.

ಅಪ್ಲೈ ಮಾಡೋಕೆ ಮುಂಚಿನ ತಯಾರಿ

ಡಿಗ್ರಿ ಮುಗಿಸಿದ ತಕ್ಷಣ ಹೋಗಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳ್ತೀನಿ. ಒಂದೆರಡು ವರ್ಷ ಯಾವುದಾದ್ರೂ ಸಂಸ್ಥೆಯಲ್ಲಿ ಇನ್‌ಸ್ಟ್ರಕ್ಟರ್ ಆಗಿಯೋ ಅಸಿಸ್ಟೆಂಟ್ ಆಗಿಯೋ ಕೆಲಸ ಮಾಡಿ. ಥಿಯರಿ ಕ್ಲಾಸಿನಲ್ಲಿ ಯಾವುದೋ ಮಾಡೆಲ್ ಬೋರ್ಡ್ ಮೇಲೆ ಬಂದಾಗ ಅದಕ್ಕೆ ಜೋಡಿಸೋಕೆ ನಿಮ್ಮ ಹತ್ರ ಒಂದು ಮುಖ, ಒಂದು ಮಳೆಯ ರಾತ್ರಿ, ಹಠ ಹಿಡಿದು ಕೂತ ಒಂದು ಗುಂಪು ಇರಬೇಕು. ಅದಿಲ್ಲದೆ ಓದಿದ್ರೆ ಎಲ್ಲಾ ಮಾಡೆಲ್ಲೂ ಸರಿ ಅನ್ಸತ್ತೆ.

ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಕೋರ್ಸ್ ಮಾಡಿಟ್ಕೊಳ್ಳಿ, ಆಸ್ಪತ್ರೆ ದೂರ ಇರೋ ಕಡೆ ಪ್ರಥಮ ಚಿಕಿತ್ಸೆ ಕೊಡೋದನ್ನ ಕಲಿಸೋದು ಇದು. ಸುಮಾರು 70ರಿಂದ 80 ಗಂಟೆಗಳದ್ದು, ಸರ್ಟಿಫಿಕೇಟ್ ಎರಡು ಮೂರು ವರ್ಷಕ್ಕೆ ರಿನ್ಯೂ ಮಾಡಿಸಬೇಕಾಗತ್ತೆ, ಫೀಲ್ಡ್ ಕೆಲಸ ಇರೋ ಅಸಿಸ್ಟೆಂಟ್‌ಶಿಪ್‌ಗಳಲ್ಲಿ (ಓದ್ತಾ ಯೂನಿವರ್ಸಿಟಿಗೆ ಕೆಲಸ ಮಾಡಿ ಸ್ಟೈಪೆಂಡ್ ಪಡೆಯೋದು, ಮುಂದೆ ಹೇಳ್ತೀನಿ) ಇದನ್ನ ಸಾಮಾನ್ಯವಾಗಿ ಕೇಳೇ ಕೇಳ್ತಾರೆ. ಹೋದ ಜಾಗದಲ್ಲಿ ಗುರುತು ಉಳಿಸದೆ ಬರೋ ಬಗ್ಗೆ ಇರೋ ಲೀವ್ ನೋ ಟ್ರೇಸ್‌ನ ಏಳು ತತ್ವಗಳು ಗೊತ್ತಿರಲೇಬೇಕು. ಬೇರೆ ಟೆಕ್ನಿಕಲ್ ಸರ್ಟಿಫಿಕೇಟ್‌ಗಳು ನೀವು ಯಾವ ನೆಲದಲ್ಲಿ ಕೆಲಸ ಮಾಡ್ತೀರಿ ಅನ್ನೋದರ ಮೇಲೆ ಹೋಗತ್ತೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರೋದು ಲಾಗ್‌ಬುಕ್, ಇದನ್ನ ಜನ ತುಂಬಾ ಉದಾಸೀನ ಮಾಡ್ತಾರೆ. ಬ್ರಿಟನ್‌ನಲ್ಲಿ ಬೆಟ್ಟಕ್ಕೆ ಗುಂಪು ಕರ್ಕೊಂಡು ಹೋಗೋರಿಗಿರೋ ಮೌಂಟನ್ ಲೀಡರ್ ಅರ್ಹತೆಗೆ ಅಸೆಸ್‌ಮೆಂಟ್‌ಗೆ ಹೋಗೋ ಮುಂಚೆ ಕನಿಷ್ಠ 40 ಗುಣಮಟ್ಟದ ಮೌಂಟನ್ ಡೇ ಲಾಗ್ ಮಾಡಿರಬೇಕು ಅನ್ನೋ ನಿಯಮ ಇದೆ, ಅಂದ್ರೆ ಈ ಕ್ಷೇತ್ರದಲ್ಲಿ ಬರೆದಿಟ್ಟ ದಿನಕ್ಕೆ ಬೆಲೆ. ಆದ್ರೆ ಮಾಸ್ಟರ್ಸ್‌ಗೆ ಹೋಗೋರ ಲಾಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. "ಎರಡನೇ ದಿನ, 11 ಕಿಮೀ, ಮಧ್ಯಾಹ್ನ ಮಳೆ, 12 ಮಕ್ಕಳು" ಅಂತ ಬರೆದ್ರೆ ಅದು ಲೆಕ್ಕ ಅಷ್ಟೇ. ಅದರ ಕೆಳಗೆ ಹೀಗೆ ಸೇರಿಸಿ: "ಹೊಳೆ ದಾಟೋ ಮುಂಚೆ ಗುಂಪಿಗೇ ಪ್ಲಾನ್ ಮಾಡೋಕೆ ಬಿಟ್ಟೆ. ಗಟ್ಟಿ ದನಿಯ ಇಬ್ಬರೇ ತೀರ್ಮಾನ ತಗೊಂಡ್ರು. ಮೂರನೆಯವಳು ಕೆಳಗಡೆ ಹೊಳೆ ಅಗಲವಾಗಿದೆ, ಆಳ ಕಮ್ಮಿ ಇದೆ ಅಂತ ತೋರಿಸಿದ್ಲು, ಯಾರೂ ಕೇಳಿಸ್ಕೊಳ್ಳಲಿಲ್ಲ. ನಾನು ಮಧ್ಯೆ ಬಂದು ಅವಳ ಜಾಗವನ್ನೇ ಆರಿಸಿದೆ. ಸಂಜೆ ಸುತ್ತು ಕೂತಾಗ ಅವಳು ಏನೂ ಮಾತಾಡಲಿಲ್ಲ. ನಾನು ಮಧ್ಯೆ ಬಂದಿದ್ದು ಅವಳಿಗೆ ಸಹಾಯ ಆಯ್ತಾ, ಅಥವಾ ಅವಳ ಮಾತನ್ನ ನಾನೇ ಕಿತ್ಕೊಂಡ ಹಾಗಾಯ್ತಾ?" ನೋಡಿ, ಅಲ್ಲೇ ಒಂದು ತೀಸಿಸ್ ವಿಷಯ ಕೂತಿದೆ. ಇಂಥ ಇಪ್ಪತ್ತು ಮೂವತ್ತು ಟಿಪ್ಪಣಿ ಒಟ್ಟಿಗೆ ಓದಿದ್ರೆ ನಿಮ್ಮ ಪ್ರಶ್ನೆ ತಾನಾಗೇ ಎದ್ದು ಕಾಣತ್ತೆ. ಮಕ್ಕಳ ನಿಜವಾದ ಹೆಸರು ಮಾತ್ರ ಬರೀಬೇಡಿ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್

ಅಡ್ಮಿಶನ್ ಕಮಿಟಿ ಮುಂದೆ ಬರೋ ರಾಶಿ ಪತ್ರಗಳಲ್ಲಿ ಬಹಳಷ್ಟು ಒಂದೇ ತರ ಶುರುವಾಗತ್ತೆ, ಚಿಕ್ಕಂದಿನಿಂದ ನನಗೆ ಬೆಟ್ಟ ಕಾಡು ಇಷ್ಟ, ಹೊರಗೆ ಹೋದ್ರೆ ಮನಸ್ಸು ಹಗುರ ಆಗತ್ತೆ, ಈ ಅನುಭವವನ್ನ ಬೇರೆಯವರಿಗೂ ಹಂಚಬೇಕು ಅಂತಿದ್ದೀನಿ, ಹೀಗೆ. ಇದರಲ್ಲಿ ಸುಳ್ಳೇನಿಲ್ಲ, ಆದ್ರೆ ಓದೋರಿಗೆ ನಿಮ್ಮ ಬಗ್ಗೆ ಏನೂ ತಿಳಿಯಲ್ಲ. ಅದರ ಬದಲು ಲಾಗ್‌ಬುಕ್ಕಿನ ಆ ಹೊಳೆಯ ಟಿಪ್ಪಣಿಯಿಂದ ಶುರು ಮಾಡಿ. "ನಾನು ನಡೆಸೋ ಗುಂಪುಗಳಲ್ಲಿ ತೀರ್ಮಾನ ತಗೊಳ್ಳೋರು ಪದೇ ಪದೇ ಅವರೇ ಆಗಿರ್ತಾರೆ. ಇನ್‌ಸ್ಟ್ರಕ್ಟರ್ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ಮಧ್ಯೆ ಬರಬೇಕು ಅನ್ನೋದಕ್ಕೆ ನಮ್ಮ ಟ್ರೈನಿಂಗ್‌ನಲ್ಲಿ ಸುರಕ್ಷತೆಯ ಉತ್ತರ ಇತ್ತು, ಕಲಿಕೆಯ ಉತ್ತರ ಇರಲಿಲ್ಲ. ನಾನು ಅದನ್ನ ಅಧ್ಯಯನ ಮಾಡಬೇಕು." ಇಷ್ಟೇ ಸಾಕು, ಇದಾದ ಮೇಲೆ ನಿಮ್ಮ ಅನುಭವ, ಆಮೇಲೆ ಆ ಡಿಪಾರ್ಟ್‌ಮೆಂಟಿನ ಯಾರ ಕೆಲಸ ಇದಕ್ಕೆ ಹೊಂದತ್ತೆ ಮತ್ತೆ ಯಾಕೆ, ಆಮೇಲೆ ಮುಂದೇನು ಮಾಡ್ತೀರಿ. ಎರಡು ಪುಟ ದಾಟಬೇಡಿ.

ಪ್ರೊಫೆಸರ್‌ಗೆ ಈಮೇಲ್ ಹಾಕೋದು ಅಪ್ಲಿಕೇಶನ್‌ಗೆ ಎರಡು ಮೂರು ತಿಂಗಳ ಮುಂಚೆ. ಐದಾರು ಸಾಲು ಸಾಕು, ನಾನು ಯಾರು ಏನು ಕೆಲಸ ಮಾಡ್ತಿದ್ದೀನಿ, ನಿಮ್ಮ ಇಂಥ ಪೇಪರ್‌ನಲ್ಲಿ ಈ ಮಾತು ನನ್ನ ಅನುಭವಕ್ಕೆ ಹೊಂದಿತು ಅಥವಾ ಹೊಂದಲಿಲ್ಲ, ನನ್ನ ಪ್ರಶ್ನೆ ಇದು, ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನ ತಗೊಳ್ತಿದ್ದೀರಾ. ಉತ್ತರ ಬರಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಒಂದ್ಸಲ ನೆನಪು ಮಾಡಿ, ಅವರಲ್ಲೂ ಹಲವರು ಫೀಲ್ಡಿನಲ್ಲಿರ್ತಾರೆ.

ರೆಕಮೆಂಡೇಶನ್ ಲೆಟರ್ ಒಂದು ಓದಿನ ಕಡೆಯಿಂದ, ಒಂದು ಫೀಲ್ಡಿನಲ್ಲಿ ನಿಮ್ಮ ಕೆಲಸ ಕಣ್ಣಾರೆ ನೋಡಿದವರಿಂದ ಇರ್ಲಿ. ದೊಡ್ಡ ಹೆಸರಿನ ಡೈರೆಕ್ಟರ್ ಬರೆದ ನಾಲ್ಕು ಸಾಲಿಗಿಂತ ನಿಮ್ಮ ಜೊತೆ ಮಳೆಯಲ್ಲಿ ಟೆಂಟ್ ಹಾಕಿದ ಕೋರ್ಸ್ ಲೀಡರ್ ಬರೆದ ಒಂದು ಪುಟ ಎಷ್ಟೋ ಮೇಲು.

ದುಡ್ಡು

ಈ ಕ್ಷೇತ್ರದಲ್ಲಿ ಸಂಬಳ ದೊಡ್ಡದಲ್ಲ, ಹಾಗಾಗಿ ದೊಡ್ಡ ಸಾಲ ಮಾಡಿ ಈ ಡಿಗ್ರಿ ಮಾಡೋದು ನನಗೆ ಒಪ್ಪಿಗೆ ಇಲ್ಲ. ಅಮೆರಿಕದ ಕಡೆ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಅನ್ನೋದು ಇದೆ, ವಾರಕ್ಕೆ ಸಾಮಾನ್ಯವಾಗಿ 20 ಗಂಟೆ ಕೆಲಸ, ಅದಕ್ಕೆ ಸ್ಟೈಪೆಂಡ್ ಮತ್ತು ಟ್ಯೂಷನ್ ಫೀಸಿನಲ್ಲಿ ಪೂರ್ತಿಯೋ ಸ್ವಲ್ಪವೋ ಮಾಫಿ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ: ಅಸಿಸ್ಟೆಂಟ್‌ಶಿಪ್ ನಿಮ್ಮ ಡಿಪಾರ್ಟ್‌ಮೆಂಟಿನಲ್ಲೇ ಸಿಗಬೇಕು ಅಂತಿಲ್ಲ. ಕ್ಯಾಂಪಸ್ ರಿಕ್ರಿಯೇಶನ್ ವಿಭಾಗದಲ್ಲಿ ಔಟ್‌ಡೋರ್ ಪ್ರೋಗ್ರಾಂ ಇರತ್ತೆ, ಕ್ಲೈಂಬಿಂಗ್ ವಾಲ್, ರೋಪ್ಸ್ ಕೋರ್ಸ್, ಗೇರ್ ರೂಮ್, ವಾರಾಂತ್ಯದ ಟ್ರಿಪ್ಪುಗಳು, ಇವನ್ನ ನಡೆಸೋಕೆ ಅವರು ಬೇರೆಯಾಗಿ ಜಾಹೀರಾತು ಹಾಕಿ ಬೇರೆಯಾಗಿ ಇಂಟರ್‌ವ್ಯೂ ಮಾಡಿ ತಗೊಳ್ತಾರೆ. ಅಡ್ಮಿಶನ್ ಒಂದು ಕಡೆ, ಇದು ಇನ್ನೊಂದು ಕಡೆ, ಎರಡಕ್ಕೂ ಒಟ್ಟೊಟ್ಟಿಗೆ ಪ್ರಯತ್ನ ಮಾಡಬೇಕು.

ಒಪ್ಕೊಳ್ಳೋ ಮುಂಚೆ ಬರವಣಿಗೆಯಲ್ಲಿ ಕೇಳಿ, 20 ಗಂಟೆ ಅಂದ್ರೆ ಟ್ರಿಪ್ ಹೋದಾಗಿನ ರಾತ್ರಿಗಳನ್ನ ಹೇಗೆ ಲೆಕ್ಕ ಹಾಕ್ತೀರಿ, ಬೇಸಿಗೆಯಲ್ಲಿ ಸಂಬಳ ಇದೆಯಾ, ಎರಡನೇ ವರ್ಷಕ್ಕೂ ಗ್ಯಾರಂಟಿನಾ, ಮಾಫಿ ಟ್ಯೂಷನ್‌ಗೆ ಮಾತ್ರನಾ ಅಥವಾ ಉಳಿದ ಫೀಸಿಗೂನಾ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್ ಬರೋ ಟ್ರಿಪ್ಪು ತಿಂಗಳಿಗೆ ಮೂರು ಬಿದ್ರೆ ಓದೋದು ಯಾವಾಗ?

ಸೇರಿದ ಮೇಲೆ

ಕ್ಲಾಸುಗಳಲ್ಲಿ ನಿಮಗೆ ಆಶ್ಚರ್ಯ ಆಗೋದು, ನೀವು ಇಷ್ಟು ದಿನ ನಂಬಿದ್ದನ್ನೇ ಪ್ರಶ್ನೆ ಮಾಡ್ತಾರೆ ಅನ್ನೋದು. ಕಂಫರ್ಟ್ ಝೋನಿನಿಂದ ಆಚೆ ಬಂದ್ರೆನೇ ಕಲಿಕೆ ಅಂತ ಎಷ್ಟು ಸಲ ಹೇಳಿರ್ತೀವಿ, ಆದ್ರೆ ಮೈಕ್ ಬ್ರೌನ್ ಅನ್ನೋ ಸಂಶೋಧಕ 2008ರಲ್ಲಿ ಇದನ್ನ ಮಾಡೆಲ್ ಅಂತ ಬಳಸೋದೇ ಸರಿಯಾ, ಭಯ ಒತ್ತಡ ಜಾಸ್ತಿ ಮಾಡಿದ್ರೆ ಕಲಿಕೆ ಜಾಸ್ತಿ ಆಗತ್ತೆ ಅನ್ನೋದಕ್ಕೆ ಆಧಾರ ಏನು ಅಂತ ಕೇಳಿದ್ರು. ಬೆಟ್ಟಕ್ಕೆ ಹೋದ್ರೆ ಕ್ಯಾರೆಕ್ಟರ್ ಕಟ್ಟತ್ತೆ ಅನ್ನೋ ಹಾನ್ ಕಾಲದ ನಂಬಿಕೆಯನ್ನ ಆಸ್ಟ್ರೇಲಿಯಾದ ಆಂಡ್ರ್ಯೂ ಬ್ರೂಕ್ಸ್ 2003ರಲ್ಲಿ ಗಟ್ಟಿಯಾಗಿ ಟೀಕೆ ಮಾಡಿದ್ರು. ಇವನ್ನೆಲ್ಲ ಓದಿದಾಗ ಮೊದಲು ಸಿಟ್ಟು ಬರತ್ತೆ, ನಾವು ಕಣ್ಣಾರೆ ನೋಡಿದ್ದೀವಲ್ಲ ಅಂತ. ಆ ಸಿಟ್ಟನ್ನ ಇಟ್ಕೊಂಡೇ ಓದಿ, ನೀವು ಕಂಡದ್ದು ಏನು, ಅದರಿಂದ ಊಹಿಸಿದ್ದು ಏನು ಅನ್ನೋದು ಬೇರೆಬೇರೆ ಆಗೋಕೆ ಶುರುವಾಗತ್ತೆ, ಅದೇ ಈ ಓದು.

ಹಾಗಂತ ಪುರಾವೆ ಇಲ್ವೇ ಇಲ್ಲ ಅಂತಲ್ಲ. ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ ಅಡ್ವೆಂಚರ್ ಪ್ರೋಗ್ರಾಂಗಳ 96 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಪ್ರೋಗ್ರಾಂ ಮುಗಿದಾಗಿನ ಸರಾಸರಿ ಎಫೆಕ್ಟ್ ಸೈಜ್ (ಪರಿಣಾಮ ಎಷ್ಟು ದೊಡ್ಡದು ಅಂತ ಅಳೆಯೋ ಸಂಖ್ಯೆ) 0.34 ಬಂತು, ಆಮೇಲೆ ಫಾಲೋಅಪ್‌ನಲ್ಲಿ ಇನ್ನೊಂದು 0.17 ಸೇರ್ತು. 0.34 ಅನ್ನೋದು ಸಾಧಾರಣ ಸಂಖ್ಯೆ, ದೊಡ್ಡದಲ್ಲ. ಆದ್ರೆ ಸಾಮಾನ್ಯವಾಗಿ ತರಬೇತಿಗಳ ಪರಿಣಾಮ ದಿನ ಕಳೆದ ಹಾಗೆ ಇಳಿಯತ್ತೆ, ಇಲ್ಲಿ ಏರಿದೆ ಅನ್ನೋದು ಎಲ್ಲರ ಗಮನ ಸೆಳೀತು. ಜೊತೆಗೆ ಒಂದೊಂದು ಪ್ರೋಗ್ರಾಂಗೂ ಫಲಿತಾಂಶದಲ್ಲಿ ತುಂಬಾ ವ್ಯತ್ಯಾಸ ಇತ್ತು, ಅಂದ್ರೆ "ಅಡ್ವೆಂಚರ್ ಕೆಲಸ ಮಾಡತ್ತಾ" ಅಂತ ಕೇಳೋಕಿಂತ ಯಾವುದು, ಯಾರಿಗೆ, ಹೇಗೆ ನಡೆಸಿದಾಗ ಅಂತ ಕೇಳೋದು ಸರಿ. ಮೈಕಲ್ ಗ್ಯಾಸ್ ಅನ್ನೋ ಸಂಶೋಧಕ 1985ರಲ್ಲಿ ಬರೆದ ಟ್ರಾನ್ಸ್‌ಫರ್ ವಿಚಾರವನ್ನೂ, ಅಂದ್ರೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರೋದನ್ನ, ಚೆನ್ನಾಗಿ ಅರ್ಥ ಮಾಡ್ಕೊಳ್ಳಿ. ಬಿಲೇ ಮಾಡೋಕೆ (ಹತ್ತುವವನು ಬೀಳದ ಹಾಗೆ ಕೆಳಗಿಂದ ಹಗ್ಗ ಹಿಡಿಯೋದು) ಕಲಿತವನು ಆ ಗಂಟನ್ನೇ ಇನ್ನೊಂದು ಬಂಡೆಯಲ್ಲಿ ಬಳಸಿದ್ರೆ ಅದು ಒಂದು ತರ, ಹಗ್ಗ ಹಿಡಿದಾಗ ಬಂದ ಸ್ಪಷ್ಟವಾಗಿ ಕೂಗಿ ಹೇಳೋ ಅಭ್ಯಾಸ ಬೇರೆ ಕೆಲಸಕ್ಕೂ ಬಂದ್ರೆ ಇನ್ನೊಂದು ತರ, ಹಗ್ಗವನ್ನ ಬಿಗಿಯಾಗೂ ಅಲ್ಲ ಸಡಿಲವಾಗೂ ಅಲ್ಲ ಹಿಡಿಯೋದನ್ನ ತನ್ನ ತಮ್ಮನನ್ನ ನೋಡ್ಕೊಳ್ಳೋದಕ್ಕೆ ಹೋಲಿಸಿ ಯೋಚಿಸಿದ್ರೆ ಅದು ಮೂರನೆಯದು. ಬಹಳ ಇನ್‌ಸ್ಟ್ರಕ್ಟರ್‌ಗಳು ಮೂರನೆಯದು ತಾನಾಗೇ ಆಗತ್ತೆ ಅಂತ ಬಿಟ್ಟುಬಿಡ್ತಾರೆ.

ನೀವು ಡೀಬ್ರೀಫ್ (ಚಟುವಟಿಕೆ ಮುಗಿದ ಮೇಲೆ ಗುಂಪಿನ ಜೊತೆ ಕೂತು ಅದರ ಬಗ್ಗೆ ಮಾತಾಡೋದು) ನಡೆಸೋದನ್ನ ಅಲ್ಲಿ ಪ್ರೊಫೆಸರ್ ಪಕ್ಕದಲ್ಲೇ ಕೂತು ನೋಡ್ತಾರೆ. ಗುಂಪು ಸುತ್ತ ಕೂತಿದೆ, ನೀವು "ಇವತ್ತು ಯಾವಾಗ ಕೈಬಿಡೋಣ ಅನ್ನಿಸ್ತು?" ಅಂತ ಕೇಳ್ತೀರಿ, ಯಾರೂ ಮಾತಾಡಲ್ಲ, ಐದು ಸೆಕೆಂಡ್ ಆಯ್ತು, ಎಂಟು ಆಯ್ತು, ನಿಮಗೆ ಕೈಕಾಲು ಆಡಲ್ಲ, ಇನ್ನೊಂದು ಪ್ರಶ್ನೆ ಕೇಳಿಬಿಡ್ತೀರಿ. ಆಗ ಮೊದಲ ಪ್ರಶ್ನೆಗೆ ಉತ್ತರ ಕೊಡೋಕೆ ಬಾಯಿ ತೆರೀತಿದ್ದವನು ಮತ್ತೆ ಮುಚ್ಕೊಳ್ತಾನೆ. ಇದನ್ನ ನೀವು ನೋಡಿರಲ್ಲ, ಪಕ್ಕದಲ್ಲಿ ಕೂತೋರು ನೋಡಿರ್ತಾರೆ. ಆಡಿಯೋ ರೆಕಾರ್ಡ್ ಮಾಡಿ, ಗುಂಪಿನ ಒಪ್ಪಿಗೆ ತಗೊಂಡು, ಆಮೇಲೆ ಕೇಳಿ ನೀವು ಎಷ್ಟು ಮಾತಾಡಿದ್ರಿ ಅವರು ಎಷ್ಟು ಮಾತಾಡಿದ್ರು ಅಂತ ನೋಡಿ.

ರಿಸ್ಕ್ ಕೋರ್ಸನ್ನ ಬರೀ ಫಾರಂ ತುಂಬೋ ವಿಷಯ ಅಂದ್ಕೋಬೇಡಿ, ನನ್ನ ಪ್ರಕಾರ ಇಡೀ ಓದಿನಲ್ಲಿ ಅತ್ಯಂತ ತೂಕದ್ದು ಇದು. ನವೆಂಬರ್ 1971ರಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಎಡಿನ್‌ಬರ್ಗಿನ ಐವರು ಸ್ಕೂಲ್ ಮಕ್ಕಳು ಮತ್ತು ಜೊತೆಗಿದ್ದ ಹದಿನೆಂಟರ ಟ್ರೈನಿ ಇನ್‌ಸ್ಟ್ರಕ್ಟರ್ ಹಿಮಬಿರುಗಾಳಿಗೆ ಸಿಕ್ಕಿ ತೀರ್ಕೊಂಡ್ರು. ಮೇಲೆ ಒಂದು ಚಿಕ್ಕ ಆಸರೆ ಮನೆ ಇತ್ತು, ಅಲ್ಲಿ ರಾತ್ರಿ ಕಳೆಯೋದು ಅಂತ ಪ್ಲಾನ್. ಒಂದು ಗುಂಪು ಅಲ್ಲಿಗೆ ಮುಟ್ಟಿತು, ಇನ್ನೊಂದು ಗುಂಪಿಗೆ ಬಿರುಗಾಳಿಯಲ್ಲಿ ಮುಟ್ಟೋಕಾಗಲಿಲ್ಲ. ಆಮೇಲೆ ಅಷ್ಟು ಎತ್ತರದ ಅಂಥ ಆಸರೆಗಳು ಇರೋದರಿಂದಲೇ ಜನ ಹೋಗಬಾರದ ಹವಾಮಾನದಲ್ಲಿ ಹೋಗ್ತಾರಾ ಅನ್ನೋ ಚರ್ಚೆ ನಡೆದು ಅವನ್ನ ತೆಗೆಸಿದ್ರು. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಕಯಾಕಿಂಗ್ ಹೋದ ನಾಲ್ವರು ವಿದ್ಯಾರ್ಥಿಗಳು ಸತ್ತ ಮೇಲೆ 1995ರಲ್ಲಿ ಚಟುವಟಿಕೆ ಕೇಂದ್ರಗಳಿಗೆ ಲೈಸೆನ್ಸ್ ತರೋ ಕಾನೂನೇ ಬಂತು. ಈ ಘಟನೆಗಳನ್ನ ಗಂಟೆಗಂಟೆಗೆ ಬಿಡಿಸಿ ಓದಿಸ್ತಾರೆ, ಯಾವ ತೀರ್ಮಾನ ಆ ಹೊತ್ತಿಗೆ ಸರಿ ಅನ್ನಿಸಿತ್ತು, ಎಲ್ಲಿ ವಾಪಸ್ ತಿರುಗಬಹುದಿತ್ತು ಅಂತ. ಅವರು ಮೂರ್ಖರು ಅಂತ ಒಂದು ಕ್ಷಣ ಅನ್ಸಿದ್ರೆ ಇನ್ನೊಂದ್ಸಲ ಓದಿ.

ತೀಸಿಸ್ ಮತ್ತು ಕ್ಯಾಲೆಂಡರ್

ವಿಷಯ ಚಿಕ್ಕದಿರ್ಲಿ. ಇಲ್ಲಿ ಎಲ್ಲರನ್ನೂ ಕಾಡೋದು ಸ್ಯಾಂಪಲ್, ಒಂದು ಕೋರ್ಸಿನಲ್ಲಿ ಹತ್ತು ಹನ್ನೆರಡು ಜನ, ಅವರೂ ತಾವೇ ಇಷ್ಟಪಟ್ಟು ಬಂದವರು, ಹೋಲಿಸೋಕೆ ಬೇರೆ ಗುಂಪಿಲ್ಲ. ಕೊನೇ ದಿನ ಪ್ರಶ್ನಾವಳಿ ಕೊಟ್ರೆ ಎಲ್ಲರೂ ಖುಷಿಯಲ್ಲಿರ್ತಾರೆ, ಅಪ್ಪಿಕೊಂಡು ಅಳ್ತಿರ್ತಾರೆ, ಎಲ್ಲದಕ್ಕೂ ಐದಕ್ಕೆ ಐದು ಹಾಕ್ತಾರೆ. ಆ ನಲಿವನ್ನ ಬದಲಾವಣೆ ಅಂತ ತಿಳ್ಕೋಬಾರದು, ಎರಡು ಮೂರು ತಿಂಗಳ ನಂತರ ಇನ್ನೊಮ್ಮೆ ಕೇಳೋ ವ್ಯವಸ್ಥೆ ಮೊದಲೇ ಮಾಡ್ಕೊಳ್ಳಿ, ಫೋನ್ ನಂಬರ್ ಅನುಮತಿ ಸಮೇತ. ಜನ ಕಮ್ಮಿ ಇದ್ರೆ ಸಂದರ್ಶನ, ಗಮನಿಸಿ ಬರೆಯೋದು, ಡೈರಿ, ಇವುಗಳ ಮೇಲೆ ಕಟ್ಟಿದ ಅಧ್ಯಯನವೇ ಗಟ್ಟಿಯಾಗಿ ನಿಲ್ಲತ್ತೆ.

ಎಥಿಕ್ಸ್ ಕಮಿಟಿ ಒಪ್ಪಿಗೆಗೆ ವಾರಗಟ್ಟಲೆ ಹಿಡಿಯತ್ತೆ, ಮಕ್ಕಳಾದ್ರೆ ತಂದೆತಾಯಿ ಅನುಮತಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು, ಸಂಸ್ಥೆಯ ಪತ್ರವೂ ಬೇಕು. ಇದೆಲ್ಲ ಫೀಲ್ಡ್ ಸೀಸನ್ ಶುರುವಾಗೋ ಮುಂಚೆ ಕೈಯಲ್ಲಿರಬೇಕು. ಹಾಗಾಗಿ ಬೇಸಿಗೆಯಲ್ಲಿ ಡೇಟಾ ತಗೋಬೇಕಾದ್ರೆ ಚಳಿಗಾಲ ಮುಗಿಯೋದರೊಳಗೆ ಪ್ರಪೋಸಲ್ ಗೈಡ್ ಕೈಸೇರಿರಬೇಕು. ಇನ್ನೊಂದು, ನೀವೇ ಇನ್‌ಸ್ಟ್ರಕ್ಟರ್ ಆಗಿರೋ ಗುಂಪನ್ನ ನೀವೇ ಅಧ್ಯಯನ ಮಾಡಿದ್ರೆ ಮಕ್ಕಳು ನಿಮಗೆ ಇಷ್ಟ ಆಗೋ ಉತ್ತರವನ್ನೇ ಕೊಡ್ತಾರೆ, ಆದಷ್ಟು ಬೇರೆಯವರು ನಡೆಸೋ ಗುಂಪಿಗೆ ಹೋಗಿ.

ಆಮೇಲಿನ ಕೆಲಸ

ಸ್ಕೂಲುಗಳ ಔಟ್‌ಡೋರ್ ಪ್ರೋಗ್ರಾಂ ಕೋಆರ್ಡಿನೇಟರ್, ಯೂನಿವರ್ಸಿಟಿ ಔಟ್‌ಡೋರ್ ಸೆಂಟರ್, ಸಂಸ್ಥೆಗಳಲ್ಲಿ ಸ್ಟಾಫ್ ಟ್ರೈನಿಂಗ್ ಮತ್ತು ಸೇಫ್ಟಿ ಜವಾಬ್ದಾರಿ, ಕರಿಕ್ಯುಲಂ ಬರೆಯೋದು, ಪ್ರೋಗ್ರಾಂ ಮೌಲ್ಯಮಾಪನ. ಥೆರಪಿ ಕಡೆ ಹೋಗೋರು ಸಂಸ್ಥೆಯನ್ನ ತುಂಬಾ ಹುಷಾರಾಗಿ ಆರಿಸಿ, ಮಕ್ಕಳನ್ನ ಅವರ ಇಷ್ಟಕ್ಕೆ ವಿರುದ್ಧವಾಗಿ ತಂದು ಬಿಡೋ ಜಾಗಗಳಿವೆ, ಅಲ್ಲಿ ಲೈಸೆನ್ಸ್ ಇರೋ ಥೆರಪಿಸ್ಟ್ ಎಷ್ಟು ಜನ, ಮಗು ಬೇಡ ಅಂದ್ರೆ ಏನಾಗತ್ತೆ ಅಂತ ಕೇಳದೆ ಸೇರಬೇಡಿ.

ಒಂದು ಕೆಲಸ ಅಪ್ಲೈ ಮಾಡೋ ಮುಂಚೆಯೇ ಮಾಡಿ: ನಿಮಗೆ ಬೇಕು ಅನ್ನಿಸೋ ಹತ್ತು ಉದ್ಯೋಗದ ಜಾಹೀರಾತು ತೆಗೆದು ಪ್ರತಿಯೊಂದರಲ್ಲೂ ಮಾಸ್ಟರ್ಸ್ ಕಡ್ಡಾಯನಾ, ಇದ್ರೆ ಒಳ್ಳೇದು ಅಂತಿದೆಯಾ, ಹೆಸರೇ ಇಲ್ವಾ ಅಂತ ಗುರುತು ಹಾಕಿ. ಅರ್ಧಕ್ಕಿಂತ ಹೆಚ್ಚಿನದರಲ್ಲಿ ಹೆಸರೇ ಇಲ್ಲ ಅಂದ್ರೆ ಆ ಕೆಲಸಕ್ಕೆ ಇನ್ನೆರಡು ಸೀಸನ್ ಫೀಲ್ಡೇ ಜಾಸ್ತಿ ಸಹಾಯ ಮಾಡತ್ತೆ. ಯೂನಿವರ್ಸಿಟಿಯಲ್ಲಿ ಪಾಠ ಮಾಡಬೇಕು ಅಂದ್ರೆ ಪಿಎಚ್‌ಡಿ ಬೇಕಾಗತ್ತೆ, ಅದಕ್ಕೆ ಮಾಸ್ಟರ್ಸ್ ಮುಗಿದ ತಕ್ಷಣ ಹಾರೋ ಬದಲು ಮಧ್ಯೆ ಮತ್ತೆ ಫೀಲ್ಡಿಗೆ ಹೋಗಿ ಓದಿದ್ದನ್ನ ಮಕ್ಕಳ ಜೊತೆ ಬಳಸಿ ನೋಡಿ, ಪಿಎಚ್‌ಡಿಗೆ ಬೇಕಾದ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರೋದು.